ಕೇಸರಿ ಬ್ಯಾಳಿಯ ಬೆನ್ನು ಹತ್ತಿದ ಅಡಿಗರು

ನಮ್ಮ ಕಡೆ ಬ್ಯಾಳಿ ಅಂದ್ರೆ ತೊಗರಿ ಬ್ಯಾಳಿ. ಬ್ಯಾರೆ ಬ್ಯಾಳಿಗೆ ಅದರದರ ಹೆಸರು ಹೇಳಬೇಕು, ಇದಕ್ಕೆ ಬರೀ ಬ್ಯಾಳಿ ಅಂದ್ರೆ ಸಾಕು. ಕಲಬುರಗಿ, ರಾಯಚೂರು ಸೀಮೆಯಲ್ಲಿ ಹುಟ್ಟಿದವರಿಗೆ ತೊಗರಿ ಬಿಟ್ಟು ಊಟ ನೆನಪಾಗುವುದಿಲ್ಲ. ಹಂಗಾಗಿ ಪ್ಯಾಟಿಯ ಬ್ಯಾಳಿಯಲ್ಲಿ ಏನೋ ಕಲಬೆರಕೆ ಆಗ್ಯಾದ ಅಂತ ಸುದ್ದಿ ಬಂದಾಗಲೆಲ್ಲ ನಮ್ಮ ಶಕ್ತಿನಗರದ ಹೆಣ್ಣುಮಕ್ಕಳು ಮೊದಲು ಆಡುವ ಹೆಸರು ಒಂದೇ: ಕೇಸರಿ ಬ್ಯಾಳಿ. ಅದನ್ನು ತಿಂದರೆ ಕಾಲು ಹೋಗ್ತಾವ ಅನ್ನುವುದು ಎಲ್ಲರಿಗೂ ಗೊತ್ತು. ಯಾಕೆ ಹೋಗ್ತಾವ, ಅದರೊಳಗೆ ಇರುವುದು ಏನು, ಅದನ್ನು ಹಿಡಿದು ತೋರಿಸಿದವರು ಯಾರು ಅಂತ ಕೇಳಿದರೆ ಮಾತು ನಿಂತು ಬಿಡುತ್ತದೆ. ಹಿಡಿದವರು ಬೆಂಗಳೂರಿನವರು. ಅವರಲ್ಲಿ ಒಬ್ಬರು ಅಚ್ಚ ಕನ್ನಡಿಗರು, ಪೆರ್ಡೂರು ರಾಧಾಕಾಂತ ಅಡಿಗ. ಉಡುಪಿ ಹತ್ತಿರದ ಪೆರ್ಡೂರು ಅವರ ಹೆಸರಿನಲ್ಲೇ ಇದೆ. ಹುಟ್ಟಿದ್ದು 1935ರಲ್ಲಿ. ಕನ್ನಡದಲ್ಲಿ ಅಡಿಗ ಅಂದ ಕೂಡಲೇ ನಮಗೆ ಕವಿ ಗೋಪಾಲಕೃಷ್ಣ ಅಡಿಗರು ನೆನಪಾಗುತ್ತಾರೆ, ತಪ್ಪೇನಿಲ್ಲ. ಈ ಅಡಿಗರನ್ನು ಮಾತ್ರ ನಾವು ಪೂರ್ತಿ ಮರೆತಿದ್ದೇವೆ.

ಕೇಸರಿ ನಮ್ಮ ಸೀಮೆಯ ಬೆಳೆ ಅಲ್ಲ. ಮಧ್ಯಪ್ರದೇಶ, ಛತ್ತೀಸಗಢ, ಬಿಹಾರ, ಬಂಗಾಳ, ಮಹಾರಾಷ್ಟ್ರದ ವಿದರ್ಭ, ಇವು ಅದರ ನೆಲ. ಹಿಂದಿಯಲ್ಲಿ ಖೇಸಾರಿ, ಕೆಲವೆಡೆ ತಿಯೋರಾ. ಬಿತ್ತುವ ರೀತಿಯೇ ಒಂದು ಸೋಜಿಗ. ಭತ್ತ ಇನ್ನೂ ಗದ್ದೆಯಲ್ಲಿ ನಿಂತಿರುವಾಗಲೇ, ಕೊಯ್ಲಿಗೆ ಸ್ವಲ್ಪ ದಿನ ಮುಂಚೆ, ಕಾಳನ್ನು ಹಾಗೇ ಎರಚಿ ಬಿಡುತ್ತಾರೆ. ಉಳುಮೆ ಇಲ್ಲ, ಗೊಬ್ಬರ ಇಲ್ಲ, ನೀರು ಬಿಡುವುದಿಲ್ಲ. ಭತ್ತ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ಪಸೆಯ ಮೇಲೆ ಅದು ಬೆಳೆದು ಕಾಳು ಕೊಡುತ್ತದೆ. ಮಾನ್ವಿ, ಸಿಂಧನೂರಿನ ಕಾಲುವೆ ಕೆಳಗಿನ ಭತ್ತದ ರೈತರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಮಳೆ ಕೈಕೊಟ್ಟರೂ ಸಾಯುವುದಿಲ್ಲ, ನೀರು ನಿಂತರೂ ಸಾಯುವುದಿಲ್ಲ. ಕಾಳಿನಲ್ಲಿ ಪ್ರೋಟೀನು ಭರ್ತಿ. ಬಡವರ ಬೆಳೆ ಅಂದ್ರೆ ಇದು.

ಈ ಒಳ್ಳೆಯ ಗುಣವೇ ಕೇಡಿಗೂ ಮೂಲ. ಬರಗಾಲದಲ್ಲಿ ಗೋದಿ, ಭತ್ತ, ಕಡಲೆ ಎಲ್ಲ ಒಣಗಿ ಹೋದಾಗ ಹೊಲದಲ್ಲಿ ನಿಂತಿರುವುದು ಇದೊಂದೇ. ಆಗ ಜನ ಮೂರು ಹೊತ್ತೂ ಇದನ್ನೇ ತಿನ್ನುತ್ತಾರೆ. ಥಗ್ಗರನ್ನು ಹಿಡಿದು ಹೆಸರಾದ ಸ್ಲೀಮನ್ ಸಾಹೇಬ 1844ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಸಾಗರ ಸೀಮೆಯ ಒಂದು ಹಳ್ಳಿಯ ಕಥೆ ಬರೆದಿದ್ದಾನೆ. 1829ರಲ್ಲಿ ಆಲಿಕಲ್ಲು ಬಿದ್ದು ಗೋದಿ ಹಾಳು. 1830ರಲ್ಲಿ ಮಳೆ ಇಲ್ಲ. 1831ರಲ್ಲಿ ರೋಗ ಬಿದ್ದು ಬೆಳೆ ಹಾಳು. ಮೂರೂ ವರ್ಷ ಕೇಸರಿ ಮಾತ್ರ ಹುಲುಸಾಗಿ ಬೆಳೆಯಿತು, ಜನ ಅದನ್ನೇ ಉಂಡರು. 1833ರ ಹೊತ್ತಿಗೆ ಮೂವತ್ತರ ಒಳಗಿನವರಿಗೆ ಇದ್ದಕ್ಕಿದ್ದಂತೆ ಸೊಂಟದ ಕೆಳಗೆ ಕಾಲು ಬಿದ್ದವು. ಆ ಹಳ್ಳಿಯ ಎಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೀಗಾಯಿತಂತೆ. ಜನರಿಗೆ ಕಾರಣ ಆಗಲೇ ಗೊತ್ತಿತ್ತು ನೋಡ್ರಿ, ಅವರು ಸೀದಾ ಕೇಸರಿಯ ಕಡೆಗೇ ಬೆರಳು ತೋರಿಸಿದರು.

ಈ ರೋಗದ ಒಂದು ಕ್ರೂರ ಗುಣ ಹೇಳಲೇಬೇಕು. ಇದು ಸಾಯಿಸುವುದಿಲ್ಲ. ಬುದ್ಧಿ ಸರಿ ಇರುತ್ತದೆ, ಕೈ ಸರಿ ಇರುತ್ತವೆ. ಕಾಲಿನ ಸ್ನಾಯುಗಳು ಮಾತ್ರ ಬಿಗಿದುಕೊಂಡು, ನಡೆಯುವಾಗ ಮೊಣಕಾಲುಗಳು ಕತ್ತರಿ ಹಾಕಿದಂತೆ ಒಂದಕ್ಕೊಂದು ಅಡ್ಡ ಬರುತ್ತವೆ, ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ಕೆಲವರಿಗೆ ಒಂದು ಕೋಲು ಬೇಕು, ಕೆಲವರಿಗೆ ಎರಡು, ಕೆಲವರು ತೆವಳುತ್ತಾರೆ. ಡಾಕ್ಟರು ರೋಗದ ಹಂತಗಳನ್ನು ಬರೆದುಕೊಳ್ಳುವುದೂ ಈ ಕೋಲಿನ ಲೆಕ್ಕದಲ್ಲೇ. ಹೋದ ಕಾಲು ವಾಪಸ್ ಬರುವುದಿಲ್ಲ. ಇಪ್ಪತ್ತು ವರ್ಷದ ಕೂಲಿಯವನು ಇನ್ನೂ ನಲವತ್ತು ವರ್ಷ ಹಂಗೇ ಬದುಕಬೇಕು. 1873ರಲ್ಲಿ ಇಟಲಿಯ ಕಾಂತಾನಿ ಎಂಬ ವೈದ್ಯ ಇದಕ್ಕೆ ಲ್ಯಾಥಿರಿಸಂ ಅಂತ ಹೆಸರು ಕೊಟ್ಟ. ಲ್ಯಾಥಿರಸ್ ಅಂದ್ರೆ ಆ ಗಿಡದ ಕುಲದ ಹೆಸರು.

ಹೆಸರು ಸಿಕ್ಕಿತು, ವಿಷ ಸಿಗಲಿಲ್ಲ. ಮುಂದಿನ ಎಂಬತ್ತು, ತೊಂಬತ್ತು ವರ್ಷ ಹುಡುಕಾಟ. ಇಲ್ಲಿ ಎರಡು ತೊಡಕು ಇದ್ದವು. ಒಂದು, ಪ್ರಾಣಿಗಳಿಗೆ ಕೇಸರಿ ತಿನ್ನಿಸಿದರೆ ಅವುಗಳ ಕಾಲು ಹೋಗುತ್ತಲೇ ಇರಲಿಲ್ಲ. ಇಲಿ ತಿಂದು ಅರಾಮ ಇರುತ್ತಿತ್ತು. ಎರಡನೆಯದು ಇನ್ನೂ ತಲೆ ತಿನ್ನುವಂಥದ್ದು. 1954ರಲ್ಲಿ ಅಮೆರಿಕದವರು ಲ್ಯಾಥಿರಸ್ ಕುಲದ್ದೇ ಆದ ಸ್ವೀಟ್ ಪೀ ಎಂಬ ಹೂವಿನ ಗಿಡದ ಬೀಜದಿಂದ ಒಂದು ವಿಷ ತೆಗೆದರು. ಅದನ್ನು ತಿಂದ ಇಲಿಯ ಎಲುಬು ಸೊಟ್ಟಾಯಿತು. ಎಲ್ಲರೂ ಸಿಕ್ಕಿತು ಅಂದುಕೊಂಡರು. ಆದರೆ ಮನುಷ್ಯರಿಗೆ ಹೋಗುವುದು ನರ, ಎಲುಬಲ್ಲ. ಗಿಡವೂ ಬ್ಯಾರೆ, ರೋಗವೂ ಬ್ಯಾರೆ. ಮತ್ತೊಂದು ಕಡೆ ಕೇಸರಿ ಹೊಲದಲ್ಲಿ ಕಳೆಯಾಗಿ ಬೆಳೆಯುವ ಅಕ್ಟಾ ಎಂಬ ಗಿಡದ ಬೀಜ ಬೆರೆತು ಹೀಗಾಗುತ್ತದೆ ಅಂತ ಒಂದು ವಾದ. 1960ರ ಆಸುಪಾಸಿನಲ್ಲಿ ಷಾರ್ಲಟ್ ರೆಸ್ಲರ್ ಎಂಬ ಅಮೆರಿಕದ ವಿಜ್ಞಾನಿ ಆ ಜಾತಿಯ ಕಳೆಯಲ್ಲೂ, ಇನ್ನೊಂದು ಲ್ಯಾಥಿರಸ್‌ನಲ್ಲೂ ನರಕ್ಕೆ ಕೇಡು ಮಾಡುವ ವಸ್ತುಗಳನ್ನು ಕಂಡರು. ಸುತ್ತಲಿನ ನೆಂಟರೆಲ್ಲ ಸಿಕ್ಕಿಬಿದ್ದರು, ಕಳ್ಳ ಮಾತ್ರ ಸಿಕ್ಕಲಿಲ್ಲ.

ಆ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟು. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಪಿ. ಎಸ್. ಶರ್ಮಾ ಅವರ ಕೈಕೆಳಗೆ ಹುಡುಗರ ಒಂದು ಗುಂಪು ಇತ್ತು: ಅಡಿಗ, ಎಸ್. ಎಲ್. ಎನ್. ರಾವ್, ಜಿ. ಪದ್ಮನಾಭನ್. ಪದ್ಮನಾಭನ್ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು, ಮಲೇರಿಯಾ ಕೆಲಸದಿಂದ ಹೆಸರಾದರು. ರಾವ್ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಮಾತ್ರ ಎಲ್ಲರೂ ಇಪ್ಪತ್ತರ ಹರೆಯದವರು.

ಅವರು ಮಾಡಿದ್ದು ದುಬಾರಿ ಯಂತ್ರದ ಕೆಲಸ ಅಲ್ಲ, ತಾಳ್ಮೆಯ ಕೆಲಸ. ಕೇಸರಿ ಹಿಟ್ಟನ್ನು ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಸಿ ರಸ ತೆಗೆಯುವುದು, ಆ ರಸವನ್ನು ರಾಳ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಪಾಲು ಮಾಡುವುದು, ಯಾವ ಪಾಲಿನಲ್ಲಿ ವಿಷ ಇದೆ ಅಂತ ಪರೀಕ್ಷೆ ಮಾಡುವುದು. ಪರೀಕ್ಷೆ ಯಾವುದರ ಮೇಲೆ? ಇಲ್ಲಿಯೇ ಇದೆ ಜಾಣತನ. ದೊಡ್ಡ ಪ್ರಾಣಿಯ ಮಿದುಳಿಗೆ ರಕ್ತದಿಂದ ಎಲ್ಲ ವಸ್ತುವೂ ಒಳಗೆ ಹೋಗಲಿಕ್ಕೆ ಬಿಡದ ಒಂದು ತಡೆ ಇರುತ್ತದೆ. ಈಗಷ್ಟೇ ಮೊಟ್ಟೆ ಒಡೆದು ಬಂದ ಕೋಳಿಮರಿಗೆ ಆ ತಡೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಒಂದು ದಿನದ ಕೋಳಿಮರಿಗೆ ಸೂಜಿಯಲ್ಲಿ ಕೊಟ್ಟಾಗ ಒಂದು ಪಾಲು ಕೆಲಸ ಮಾಡಿತು. ಮರಿಯ ಕುತ್ತಿಗೆ ಹಿಂದಕ್ಕೆ ತಿರುಚಿತು, ನಿಲ್ಲಲಾರದೆ ಬಿತ್ತು.

1962ರಲ್ಲಿ ಮೊದಲ ವರದಿ. 1963ರಲ್ಲಿ ಬೆಂಗಳೂರಿನದೇ ಆದ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಡಿಗ, ರಾವ್, ಶರ್ಮಾ ಮೂವರ ಹೆಸರಿನಲ್ಲಿ ಆ ವಸ್ತುವಿನ ರಚನೆಯ ಬಗ್ಗೆ ಒಂದು ಸಣ್ಣ ಲೇಖನ. 1964ರಲ್ಲಿ ಅಮೆರಿಕದ ಬಯೋಕೆಮಿಸ್ಟ್ರಿ ಪತ್ರಿಕೆಯಲ್ಲಿ ಪೂರ್ತಿ ವಿವರ. ವಸ್ತುವಿನ ಹೆಸರು ಉಸಿರು ಕಟ್ಟಿಸುವಂಥದ್ದು: ಬೀಟಾ-ಎನ್-ಆಕ್ಸಲೈಲ್-ಎಲ್-ಆಲ್ಫಾ, ಬೀಟಾ-ಡೈಅಮಿನೋ ಪ್ರೊಪಿಯಾನಿಕ್ ಆಮ್ಲ. ಸುಲಭಕ್ಕೆ ಓಡ್ಯಾಪ್ ಅನ್ನುತ್ತಾರೆ, ನಾನೂ ಹಂಗೇ ಅನ್ನುತ್ತೇನೆ. ಒಂದು ಸಣ್ಣ ಅಮೈನೋ ಆಮ್ಲ, ಅದಕ್ಕೆ ಆಕ್ಸಾಲಿಕ್ ಆಮ್ಲದ ಒಂದು ಬಾಲ. ಅದೇ 1964ರಲ್ಲಿ ದಿಲ್ಲಿಯಲ್ಲಿ ಮೂರ್ತಿ, ಶೇಷಾದ್ರಿ, ವೆಂಕಿಟಸುಬ್ರಮಣಿಯನ್ ಗುಂಪು ಕೂಡ ತಮ್ಮಷ್ಟಕ್ಕೆ ತಾವು ಇದೇ ವಸ್ತುವನ್ನು ಹಿಡಿದಿತ್ತು. ಇದನ್ನು ಮುಚ್ಚಿಟ್ಟು ನಮ್ಮವರೇ ಎಲ್ಲ ಅನ್ನುವುದು ಸರಿಯಲ್ಲ. ಆದರೆ ಮೊದಲ ಸುದ್ದಿ ಬೆಂಗಳೂರಿನದು.

ದೊಡ್ಡ ಪ್ರಾಣಿಯಲ್ಲಿ ತೋರಿಸದ ಹೊರತು ವೈದ್ಯರು ಒಪ್ಪುವುದಿಲ್ಲ. 1967ರಲ್ಲಿ ರಾವ್ ಮತ್ತು ಶರ್ಮಾ ಅವರು ಬೆಂಗಳೂರಿನ ನರರೋಗ ತಜ್ಞ ಕೆ. ಎಸ್. ಮಣಿ ಮೊದಲಾದವರ ಜೊತೆ ಸೇರಿ, ಮಂಗಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಓಡ್ಯಾಪ್ ಕೊಟ್ಟು ಹಿಂಗಾಲು ಬೀಳುವುದನ್ನು ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಮಂಗನ ಸಂಕಟ ಓದುವಾಗ ಮನಸ್ಸಿಗೆ ಹಿತ ಅನಿಸುವುದಿಲ್ಲ, ಖರೆ. ಮನುಷ್ಯರ ಮೇಲೆ ಅದೇ ಪ್ರಯೋಗ ಅದಕ್ಕೆ ಮೊದಲೇ ಆಗಿ ಹೋಗಿತ್ತು ಅನ್ನುವುದು ಇನ್ನೂ ಕೆಟ್ಟ ಸಂಗತಿ. ಎರಡನೇ ಮಹಾಯುದ್ಧದಲ್ಲಿ ರುಮೇನಿಯಾದವರು ನಡೆಸುತ್ತಿದ್ದ ವಾಪ್ನಿಯಾರ್ಕಾ ಎಂಬ ಕ್ಯಾಂಪಿನಲ್ಲಿ ಯೆಹೂದಿ ಕೈದಿಗಳಿಗೆ 1942ರಲ್ಲಿ ಕುದುರೆಗಳಿಗೆ ಹಾಕುವ ಕೇಸರಿ ಜಾತಿಯ ಕಾಳನ್ನೇ ಊಟವಾಗಿ ಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ನೂರಾರು ಮಂದಿಯ ಕಾಲು ಬಿದ್ದವು. ಕೈದಿಗಳಲ್ಲೇ ಇದ್ದ ಆರ್ಥರ್ ಕೆಸ್ಲರ್ ಎಂಬ ಡಾಕ್ಟರು ಇದು ಲ್ಯಾಥಿರಿಸಂ ಅಂತ ಗುರುತು ಹಿಡಿದರು. ಕೈದಿಗಳು ಊಟ ಬಿಟ್ಟು ಕೂತ ಮೇಲೆ ಕಾಳು ನಿಂತಿತು.

ಇನ್ನು ಓಡ್ಯಾಪ್ ಒಳಗೆ ಹೋಗಿ ಮಾಡುವುದು ಏನು? ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಏಳು ಅಂತ ಹೇಳುವುದು ಗ್ಲುಟಮೇಟ್ ಎಂಬ ಅಮೈನೋ ಆಮ್ಲದಿಂದ. (ಗೋಬಿ ಮಂಚೂರಿ ಬಂಡಿಯವರು ಹಾಕುವ ಟೇಸ್ಟಿಂಗ್ ಪೌಡರೂ ಇದರದೇ ಉಪ್ಪು. ಹೆದರಬ್ಯಾಡ್ರಿ, ಅದು ಮಿದುಳಿನ ತಡೆ ದಾಟಿ ಹೋಗುವುದು ತೀರಾ ಕಡಿಮೆ.) ಗ್ಲುಟಮೇಟನ್ನು ಹಿಡಿದುಕೊಳ್ಳಲು ನರಕೋಶದ ಮೈಮೇಲೆ ಪ್ರೋಟೀನಿನ ಬಾಗಿಲುಗಳಿವೆ, ಗ್ರಾಹಿ ಅಂತಲೋ ರಿಸೆಪ್ಟರ್ ಅಂತಲೋ ಕರೆಯುತ್ತಾರೆ. ಗ್ಲುಟಮೇಟ್ ಬಂದು ಕೂತರೆ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಕೋಶ ಎಚ್ಚರಾಗುತ್ತದೆ. ಕ್ಷಣದಲ್ಲೇ ಗ್ಲುಟಮೇಟನ್ನು ಗುಡಿಸಿ ತೆಗೆದು ಬಾಗಿಲು ಮುಚ್ಚುವ ವ್ಯವಸ್ಥೆಯೂ ಇದೆ. ಓಡ್ಯಾಪ್ ನೋಡಲಿಕ್ಕೆ ಗ್ಲುಟಮೇಟಿನ ಅಣ್ಣತಮ್ಮನ ಹಂಗ ಇದೆ. 1966ರಲ್ಲೇ ವಾಟ್ಕಿನ್ಸ್, ಕರ್ಟಿಸ್ ಮತ್ತು ಬಿಸ್ಕೋ ಇದು ನರಕೋಶಗಳನ್ನು ಜೋರಾಗಿ ಕೆರಳಿಸುತ್ತದೆ ಅಂತ ಕಂಡರು. ಗ್ಲುಟಮೇಟಿಗೆ ಒಂದೇ ಬಗೆಯ ಗ್ರಾಹಿ ಅಲ್ಲ, ಹಲವು ಬಗೆ ಇವೆ ಅನ್ನುವುದು ಆಮೇಲೆ ನಿಧಾನಕ್ಕೆ ಗೊತ್ತಾಯಿತು. ಓಡ್ಯಾಪ್ ಹೋಗಿ ಕೂರುವುದು ಅವುಗಳಲ್ಲಿ ಈಗ ಆಂಪಾ ಅಂತ ಕರೆಯುವ ಬಗೆಯ ಮೇಲೆ ಅನ್ನುವುದು ಸ್ಪಷ್ಟವಾದದ್ದು 1980ರ ದಶಕದ ಕೊನೆಯಲ್ಲಿ. ಅಂದ್ರೆ ಅಡಿಗರು ಕೀಲಿಕೈ ಹಿಡಿದು ಕೊಟ್ಟು ಇಪ್ಪತ್ತೈದು ವರ್ಷದ ಮೇಲೆ ಕೀಲಿ ಸಿಕ್ಕಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ಆಂಪಾ ಗ್ರಾಹಿ ಮಿದುಳಿನ ತುಂಬ ಇದೆ. ಹಂಗಾದರೆ ಕಾಲು ಮಾತ್ರ ಯಾಕೆ? ಇದಕ್ಕೂ ಉತ್ತರದ ಒಂದು ದೊಡ್ಡ ಭಾಗ ಬೆಂಗಳೂರಿನಿಂದಲೇ ಬಂತು, ನಿಮ್ಹಾನ್ಸ್‌ನಿಂದ. ಅಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಗುಂಪು 1993ರಲ್ಲಿ, ಓಡ್ಯಾಪ್ ಮಿದುಳಿನ ಮೈಟೋಕಾಂಡ್ರಿಯಾದ ಕಾಂಪ್ಲೆಕ್ಸ್ ಒಂದು ಎಂಬ ಕಿಣ್ವವನ್ನು ಕುಂದಿಸುತ್ತದೆ ಅಂತ ತೋರಿಸಿತು. 1998ರಲ್ಲಿ ಶ್ರೀರಾಮ್, ಎಸ್. ಕೆ. ಶಂಕರ್ ಮೊದಲಾದವರ ಜೊತೆ ಬರೆದ ಲೇಖನದಲ್ಲಿ ಇಲಿಗಳಲ್ಲಿ ಈ ನಷ್ಟ ಆಗುವುದು ಎಲ್ಲೆಡೆ ಅಲ್ಲ, ಮಿದುಳಿನ ಚಲನೆ ನಡೆಸುವ ಭಾಗದಲ್ಲಿ ಮತ್ತು ಬೆನ್ನುಹುರಿಯ ಸೊಂಟದ ತುಂಡಿನಲ್ಲಿ ಅಂತ ಬಂತು. ಕಾಲನ್ನು ಆಡಿಸುವ ತಂತಿ ಹೋಗುವ ಜಾಗಗಳೇ ಅವು.

ಶಕ್ತಿನಗರದವರಿಗೆ ಇದನ್ನು ಹೇಳುವುದು ಸುಲಭ. ಮೈಟೋಕಾಂಡ್ರಿಯಾ ಅಂದ್ರೆ ಕೋಶದ ಥರ್ಮಲ್. ಗ್ರಾಹಿಯ ಬಾಗಿಲು ತೆರೆದೇ ಇದ್ದು ಸೋಡಿಯಂ ನುಗ್ಗುತ್ತಿದ್ದರೆ, ಅದನ್ನು ಹೊರಗೆ ಹಾಕುವ ಪಂಪುಗಳು ಬಿಡುವಿಲ್ಲದೆ ಓಡಬೇಕು, ಲೋಡು ಏರುತ್ತದೆ. ಅದೇ ಹೊತ್ತಿಗೆ ಉತ್ಪಾದನೆಯ ಯೂನಿಟ್ಟು ಟ್ರಿಪ್ ಆದರೆ? 1985ರಲ್ಲಿ ಮೊದಲ ಯೂನಿಟ್ಟು ಶುರುವಾದಾಗಿನಿಂದ ಇಲ್ಲಿನ ಪಾಳಿಯವರು ಈ ಭಯದಲ್ಲೇ ಮೀಟರ್ ನೋಡುತ್ತಾ ಕೂತವರು. ಗ್ರಿಡ್ಡಿನಲ್ಲಿ ಆದರೆ ಒಂದಷ್ಟು ಊರಿನ ಕರೆಂಟು ತೆಗೆದು ಉಳಿದದ್ದನ್ನು ಕಾಪಾಡುತ್ತಾರೆ. ನರಕೋಶಕ್ಕೆ ಆ ಅನುಕೂಲ ಇಲ್ಲ, ಅದು ಸಾಯುತ್ತದೆ.

ಇನ್ನೊಂದು ಸಂಗತಿಯನ್ನು ಹಳ್ಳಿಗಳಿಗೆ ಹೋಗಿ ಲೆಕ್ಕ ಹಾಕಿದ ಡಾಕ್ಟರು ಮತ್ತೆ ಮತ್ತೆ ಕಂಡಿದ್ದರು. ಕಾಲು ಬಿದ್ದವರಲ್ಲಿ ಗಂಡಸರೇ ಹೆಚ್ಚು, ಹೆಂಗಸರು ಕಡಿಮೆ. ಗಂಡಸರು ಹೆಚ್ಚು ದುಡಿಯುತ್ತಾರೆ, ಹೆಚ್ಚು ತಿನ್ನುತ್ತಾರೆ ಅಂತೆಲ್ಲ ವಿವರಣೆ ಕೊಟ್ಟರು. (ಹೆಚ್ಚು ದುಡಿಯುವುದು ಯಾರು ಅಂತ ಮನೆಯಲ್ಲಿ ಕೇಳಿ ನೋಡ್ರಿ.) 2004ರಲ್ಲಿ ರವೀಂದ್ರನಾಥ್ ಗುಂಪಿನಿಂದ ಬಂದ ಲೇಖನದ ಪ್ರಕಾರ ಹೆಣ್ಣಿಲಿಗಳ ಮಿದುಳಿನಲ್ಲಿ ಗ್ಲುಟರೆಡಾಕ್ಸಿನ್ ಎಂಬ ರಕ್ಷಕ ಪ್ರೋಟೀನು ಮೊದಲಿನಿಂದಲೇ ಹೆಚ್ಚು, ಅದರ ಹಿಂದೆ ಇರುವುದು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು. ಕಾಂಪ್ಲೆಕ್ಸ್ ಒಂದನ್ನು ಅದು ಕಾಯುತ್ತದೆ.

ಈಸ್ಟ್ರೋಜನ್ ಅಂದ ಕೂಡಲೇ ಅಡಿಗರಿಗೆ ವಾಪಸ್ ಬರಬೇಕಾಗುತ್ತದೆ, ಯಾಕಂದ್ರೆ ಅವರು ಕೇಸರಿ ಬಿಟ್ಟು ಹೋದದ್ದು ಅದರ ಕಡೆಗೇ. ಒಂದು ವಿಷ ಹಿಡಿದು ಹೆಸರಾದವರು ಆಯುಷ್ಯವಿಡೀ ಆ ವಿಷದ ಮೇಲೇ ಕೂತು ಬಿಡುವುದು ಸಾಮಾನ್ಯ. ಅಡಿಗರು ಹಂಗ ಮಾಡಲಿಲ್ಲ. ಮತ್ತೆ ಕೋಳಿಯನ್ನೇ ಹಿಡಿದರು, ಪ್ರಶ್ನೆ ಬ್ಯಾರೆ. ಮೊಟ್ಟೆ ಒಡೆದಾಗ ಬಿಳಿಯ ಲೋಳೆಯಲ್ಲಿ ಒಂದು ತಿಳಿ ಹಳದಿ ಛಾಯೆ ಕಾಣುತ್ತದಲ್ಲ, ಅದು ರೈಬೋಫ್ಲೇವಿನ್, ಬಿ2 ವಿಟಮಿನ್. ಅದು ತಾನಾಗಿ ಮೊಟ್ಟೆಯೊಳಗೆ ಬರುವುದಿಲ್ಲ, ಒಂದು ಪ್ರೋಟೀನು ಹೊತ್ತು ತರುತ್ತದೆ. ಆ ಪ್ರೋಟೀನು ಇಲ್ಲದ ಒಂದು ಕೋಳಿ ತಳಿಯನ್ನು ಅಮೆರಿಕದಲ್ಲಿ ಕಂಡಿದ್ದರು. ಅದರ ಮೊಟ್ಟೆ ನೋಡಲಿಕ್ಕೆ ಸರಿ, ಒಳಗೆ ಮರಿಯೂ ಬೆಳೆಯಲು ಶುರುವಾಗುತ್ತದೆ, ಹದಿಮೂರು ಹದಿನಾಲ್ಕನೇ ದಿನಕ್ಕೆ ಸಾಯುತ್ತದೆ. ಮೊಟ್ಟೆಯೊಳಗೆ ರೈಬೋಫ್ಲೇವಿನ್ ಚುಚ್ಚಿ ಹಾಕಿದರೆ ಬದುಕುತ್ತದೆ.

ಹೊರುವ ಆ ಪ್ರೋಟೀನನ್ನು ಕೋಳಿಯ ಪಿತ್ತಜನಕಾಂಗ ತಯಾರಿಸುವುದು ಈಸ್ಟ್ರೋಜನ್ ಹೇಳಿದಾಗ. ಹುಂಜಕ್ಕೆ ಈಸ್ಟ್ರೋಜನ್ ಕೊಟ್ಟರೆ ಅದೂ ತಯಾರಿಸುತ್ತದೆ! ಮೊಟ್ಟೆ ಇಡದಿದ್ದರೂ ಅಪ್ಪಣೆ ಬಂತು, ಮಾಲು ತಯಾರು. ಇದನ್ನು ನೋಡಿ ಅಡಿಗರು ಕೇಳಿದ್ದು ಇಷ್ಟು: ಮೊಟ್ಟೆ ಇಡದ ಪ್ರಾಣಿಗಳ ಬಸಿರಿನಲ್ಲಿ ತಾಯಿಯಿಂದ ಮಗುವಿಗೆ ಈ ವಿಟಮಿನ್ ಹೋಗುವುದು ಹೆಂಗ? ಅಲ್ಲೂ ಹೊರುವವನೊಬ್ಬ ಇರಲೇಬೇಕಲ್ಲ? ಬಸುರಿ ಇಲಿಯಲ್ಲಿ, ಮಂಗನಲ್ಲಿ ಹುಡುಕಿದರು, ಕೋಳಿಯದನ್ನೇ ಹೋಲುವ ಪ್ರೋಟೀನು ಸಿಕ್ಕಿತು. ಥಯಾಮಿನ್ ಎಂಬ ಬಿ1 ವಿಟಮಿನ್ ಹೊರುವ ಪ್ರೋಟೀನನ್ನೂ ಮೊಟ್ಟೆಯಿಂದ ತೆಗೆದರು. ಬಸುರಿ ಇಲಿಗೆ ಈ ಪ್ರೋಟೀನನ್ನು ಕಟ್ಟಿಹಾಕುವ ಪ್ರತಿಕಾಯ ಕೊಟ್ಟಾಗ ಬಸಿರು ನಿಲ್ಲಲಿಲ್ಲ. ಆಗ ಅವರಿಗೆ ಹೊಳೆದದ್ದು ಗರ್ಭನಿರೋಧಕ ಲಸಿಕೆ. ಕೋಳಿಯ ಪ್ರೋಟೀನನ್ನೇ ಚುಚ್ಚಿ, ನಮ್ಮ ದಕ್ಷಿಣದ ಸಾದಾ ಮಂಗಗಳಲ್ಲಿ ಬಸಿರು ತಡೆಯಬಹುದು ಅಂತ 1980ರ ದಶಕದ ಕೊನೆಯಲ್ಲಿ ಶೇಷಗಿರಿ ಮತ್ತು ಅಡಿಗ ತೋರಿಸಿದರು. ಆ ಲಸಿಕೆ ಔಷಧದ ಅಂಗಡಿ ತನಕ ಬರಲಿಲ್ಲ. 1980ರಲ್ಲಿ ಅಡಿಗರಿಗೆ ಭಟ್ನಾಗರ್ ಪ್ರಶಸ್ತಿ ಬಂತು. 2006ರಲ್ಲಿ ತೀರಿಕೊಂಡರು.

ನನಗೆ ಈ ಎರಡು ಕೆಲಸಗಳ ನಡುವೆ ಒಂದು ದಾರ ಕಾಣುತ್ತದೆ, ಇದು ನನ್ನ ಜೋಡಣೆ, ಅವರದಲ್ಲ. ಓಡ್ಯಾಪ್ ಕೆಡಿಸುವ ಕಾಂಪ್ಲೆಕ್ಸ್ ಒಂದರ ಹೊಟ್ಟೆಯಲ್ಲಿ ಎಫ್‌ಎಂಎನ್ ಎಂಬ ಸಣ್ಣ ಅಣು ಕೂತಿರುತ್ತದೆ. ಅದು ಇಲ್ಲದೆ ಆ ಕಿಣ್ವ ನಡೆಯದು. ಅದು ತಯಾರಾಗುವುದು ರೈಬೋಫ್ಲೇವಿನ್‌ನಿಂದ.

ಇತ್ತ ಸರಕಾರ 1961ರಲ್ಲೇ, ಅಂದ್ರೆ ವಿಷ ಸಿಗುವ ಮೊದಲೇ, ಆಹಾರ ಕಲಬೆರಕೆ ಕಾಯಿದೆಯ ಕೆಳಗೆ ಕೇಸರಿ ಮಾರಾಟ ನಿಲ್ಲಿಸಿತ್ತು. ಹೆಚ್ಚು ಬೆಳೆಯುವ ರಾಜ್ಯಗಳು ಅದನ್ನು ಜಾರಿಗೆ ತರಲೇ ಇಲ್ಲ. ಮಾರುವುದನ್ನು ನಿಲ್ಲಿಸಬಹುದು, ರೀವಾ ಕಡೆ ಜೀತದಾಳುಗಳಿಗೆ ಕೂಲಿಯಾಗಿ ಇದೇ ಕಾಳನ್ನು ಅಳೆದು ಕೊಡುತ್ತಿದ್ದುದನ್ನು ಯಾರು ನಿಲ್ಲಿಸಬೇಕಿತ್ತು? ನನ್ನ ಮಟ್ಟಿಗೆ ರೋಗದ ಬೇರು ಅಲ್ಲೇ ಇತ್ತು. ಊಟದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೇಸರಿಯೇ ಆಗಿ, ಎರಡು ಮೂರು ತಿಂಗಳು ಬಿಡದೆ ತಿಂದರೆ ಕಾಲಿಗೆ ಕುತ್ತು ಅಂತ ಬಲ್ಲವರು ಹೇಳುತ್ತಾರೆ. ಬ್ಯಾರೆ ಅನ್ನ ಇದ್ದವರು ಯಾರೂ ಅಷ್ಟು ತಿನ್ನುವುದಿಲ್ಲ. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಗೋಪಾಲನ್ ಮತ್ತು ಸಂಗಡಿಗರು 1966ರಲ್ಲೇ ಬ್ಯಾಳಿಯನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಬಹುಪಾಲು ವಿಷ ಹೋಗುತ್ತದೆ ಅಂತ ತೋರಿಸಿದ್ದರು. ಬರಗಾಲದಲ್ಲಿ ನೀರೂ ಇಲ್ಲ, ಉರುವಲೂ ಇಲ್ಲ.

ಆಮೇಲೆ ತಳಿ ತಜ್ಞರು ವಿಷ ಕಡಿಮೆ ಇರುವ ಕೇಸರಿ ತೆಗೆದರು. 1974ರಲ್ಲಿ ಪೂಸಾ-24, ಮುಂದೆ ರತನ್, ಪ್ರತೀಕ್, ಮಹಾತಿಯೋರಾ. ಇವುಗಳಲ್ಲಿ ಓಡ್ಯಾಪ್ ಶೇಕಡಾ 0.1ರ ಆಸುಪಾಸು. ಈ ಕೊನೆಯ ಮೂರು ತಳಿಗಳು ತಿನ್ನಲು ಯೋಗ್ಯ ಅಂತ 2016ರಲ್ಲಿ ಐಸಿಎಂಆರ್ ಸಮಿತಿ ಹೇಳಿತು, ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ಆಯಿತು. ಜಗಳಕ್ಕೆ ಕಾರಣವೂ ಇತ್ತು. ಹೊಲ ಒಣಗಿದಷ್ಟೂ ಗಿಡ ಓಡ್ಯಾಪನ್ನು ಹೆಚ್ಚು ಮಾಡುತ್ತದೆ. ಪಕ್ಕದ ಹೊಲದ ಹಳೇ ತಳಿಯಿಂದ ಜೇನುಹುಳ ಪರಾಗ ತಂದರೆ ಮುಂದಿನ ಬೀಜ ಕಲೆಯುತ್ತದೆ.

ಆ ಜಗಳದ ಹೊತ್ತಿಗೆ ಎಸ್. ಎಲ್. ಎನ್. ರಾವ್ ತಮ್ಮ ಮಾತು ಹೇಳಿ ಆಗಿತ್ತು. ವಿಷ ಹಿಡಿದವರಲ್ಲಿ ಒಬ್ಬರಾದ ಅವರೇ, ಇತರ ಧಾನ್ಯಗಳ ಜೊತೆ ಮಿತವಾಗಿ ತಿಂದರೆ ಕೇಸರಿ ಕೆಟ್ಟದ್ದಲ್ಲ ಅಂತ ವರ್ಷಗಟ್ಟಲೆ ವಾದಿಸಿದರು, 2011ರಲ್ಲಿ ಓಡ್ಯಾಪಿನ ಒಳ್ಳೆಯ ಮುಖದ ಬಗ್ಗೆಯೇ ಒಂದು ಲೇಖನ ಬರೆದರು. ಚೀನಾದವರು ರಕ್ತ ನಿಲ್ಲಿಸಲು ಬಳಸುವ ಸಾಂಚಿ ಎಂಬ ಜಿನ್ಸೆಂಗ್ ಬೇರಿನಲ್ಲಿರುವುದೂ ಇದೇ ಓಡ್ಯಾಪ್, ಅಲ್ಲಿ ಅದಕ್ಕೆ ಡೆನ್ಸಿಚೀನ್ ಅಂತ ಹೆಸರು. ಇನ್ನೂ ಒಂದು ಇದೆ. 1963ರಲ್ಲಿ, ಅದೇ ಬೆಂಗಳೂರಿನ ವಿಭಾಗದಲ್ಲಿ, ಅದೇ ಕೇಸರಿ ಕಾಳಿನಿಂದ ರಾವ್, ರಾಮಚಂದ್ರನ್ ಮತ್ತು ಅಡಿಗ ಹೋಮೋಆರ್ಜಿನೀನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನೂ ತೆಗೆದಿದ್ದರು. ಆಗ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. 2010ರ ಸುಮಾರಿಗೆ ಯುರೋಪಿನ ಹೃದ್ರೋಗ ತಜ್ಞರು ರಕ್ತದಲ್ಲಿ ಇದು ಕಡಿಮೆ ಇರುವವರಿಗೆ ಹೃದಯದ ತೊಂದರೆಯಿಂದ ಸಾಯುವ ಅಪಾಯ ಹೆಚ್ಚು ಅಂತ ಕಂಡರು. ಈಗ ಅದರ ಮೇಲೆ ಕೆಲಸ ಮಾಡುವವರು ಅಡಿಗರ ಹೆಸರಿರುವ ಆ ಹಳೇ ಲೇಖನವನ್ನು ಹುಡುಕಿ ತೆಗೆಯುತ್ತಿದ್ದಾರೆ.